ದಬ್ಬಳದ ಉದ್ದ

ದಬ್ಬಳದ ಉದ್ದ ಎಷ್ಟು ಎಂದು ನ್ಯಾಯಾಧೀಶರು ಕೇಳಿದರು. ಒಂದೂವರೆ ಗೇಣು ಎಂದೆ. ಕೈಯೊಳಗೆ ಎಷ್ಟು ಇಳಿಯಿತು ಎಂದು ಕೇಳಿದರು. ಮೇಲಿಂದ ಹೊಕ್ಕು ಕೆಳಗೆ ಬಂತು, ಕೆಳಗಿದ್ದ ಕಾಗದ ತೂತಾಯಿತು, ಮೇಜಿನ ಹಲಗೆಗೆ ಕಚ್ಚಿ ನಿಂತಿತು ಎಂದೆ. ಗುಮಾಸ್ತ ಎಲ್ಲವನ್ನೂ ಬರೆದುಕೊಂಡ.

ಅದೇ ದಬ್ಬಳ ನನ್ನ ಕೈಯೊಳಗೆ ಎಷ್ಟು ಸಲ ಇಳಿದಿದೆ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ತೋರಿಸುತ್ತಿದ್ದೆ. ಎಡಗೈ ಹೆಬ್ಬೆರಳಿನ ಬುಡದಲ್ಲಿ ಏಳು ಕಲೆಗಳಿವೆ. ತೋರುಬೆರಳಿನ ಉಗುರು ಹುಟ್ಟುವ ಜಾಗದಲ್ಲಿ ಒಂದಿದೆ. ಆ ಉಗುರು ಈಗಲೂ ಎರಡಾಗಿ ಸೀಳಿಕೊಂಡೇ ಬೆಳೆಯುತ್ತದೆ. ಆರು ವರ್ಷದವಳಿದ್ದಾಗ ಅವ್ವ ನನ್ನನ್ನು ಹೊಗೆಸೊಪ್ಪಿನ ರಾಶಿಯ ಮುಂದೆ ಕೂರಿಸಿ ಕೈಗೆ ದಬ್ಬಳ ಕೊಟ್ಟಳು. ನಲವತ್ತು ವರ್ಷ ಅದನ್ನು ಕೆಳಗಿಡಲಿಲ್ಲ. ಕೊನೆಗೆ ಇಟ್ಟದ್ದು ರುಫತನ ಕೈಯಲ್ಲಿ.

ನನ್ನ ಹೆಸರು ಸನಿಯೆ. ಬಲ್ಗೇರಿಯದ ದಕ್ಷಿಣದ ಬೆಟ್ಟಗಳಲ್ಲಿರುವ ಕಯಾಬಾಶಿ ನಮ್ಮೂರು. ತುರ್ಕಿ ಮಾತಾಡುವ ಇಪ್ಪತ್ತೊಂಬತ್ತು ಬೆಳೆಗಾರರ ಮನೆಗಳಿವೆ. ನಮ್ಮ ನೆಲದಲ್ಲಿ ಕಲ್ಲಿದೆ. ಕಲ್ಲಿನ ನಡುವೆ ಹೊಗೆಸೊಪ್ಪು ಬರುತ್ತದೆ, ಬೇರೇನೂ ಬರುವುದಿಲ್ಲ.

ಈ ಕೆಲಸ ಹೇಗೆಂದು ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ಅದನ್ನೆಲ್ಲ ತಾನೇ ಮಾಡಿದೆ ಎಂದು ರುಫತ್ ಹೇಳಿದ. ಬಿಸಿಲು ಬಿದ್ದರೆ ಎಲೆ ಬಾಡಿ ಕೈಗೆ ಸಿಕ್ಕುವುದಿಲ್ಲ. ಆದ್ದರಿಂದ ಬೆಳಕು ಹರಿಯುವ ಮೊದಲೇ ಹಣೆಗೆ ದೀಪ ಕಟ್ಟಿಕೊಂಡು ಹೊಲದಲ್ಲಿರಬೇಕು. ಬಗ್ಗಿ, ಬುಡದ ಎಲೆಯಿಂದ ಶುರುಮಾಡಿ ಒಂದೊಂದೇ ಮುರಿಯಬೇಕು. ಎಲೆಯ ಮೇಣ ಮೆತ್ತಿ ಒಂದು ಗಂಟೆಯೊಳಗೆ ಕೈಗೆ ಕರಿ ತೊಗಲು ಕಟ್ಟುತ್ತದೆ. ಸೋಪಿಗೆ ಹೋಗುವುದಿಲ್ಲ. ಟೊಮೆಟೊ ಕಾಯಿ ಹಿಂಡಿ ಉಜ್ಜಿದರೆ ಅರ್ಧ ಹೋಗುತ್ತದೆ. ಉಳಿದರ್ಧ ಬ್ರೆಡ್ಡಿನ ಜೊತೆ ಹೊಟ್ಟೆಗೆ ಹೋಗುತ್ತದೆ. ಇಬ್ಬನಿಯಲ್ಲಿ ನೆನೆದ ಎಲೆ ಮೈಗೆ ತಾಗಿ ತಲೆ ಸುತ್ತುತ್ತದೆ, ವಾಂತಿ ಬರುತ್ತದೆ. ಸಾಲಿನ ಪಕ್ಕಕ್ಕೆ ಕಕ್ಕಿ, ಬಾಯನ್ನು ತೋಳಿಗೆ ಒರೆಸಿಕೊಂಡು ಮುಂದಿನ ಗಿಡಕ್ಕೆ ಹೋಗಬೇಕು. ಬಿಸಿಲೇರಿದ ಮೇಲೆ ಅಂಗಳದಲ್ಲಿ ಕೂತು ಒಂದೊಂದು ಎಲೆಯನ್ನೂ ನಡುನರಕ್ಕೆ ಚುಚ್ಚಿ ದಬ್ಬಳಕ್ಕೆ ಏರಿಸಬೇಕು. ದಬ್ಬಳ ತುಂಬಿದ ಮೇಲೆ ದಾರಕ್ಕೆ ಜಾರಿಸಿ ಹಂದರಕ್ಕೆ ಕಟ್ಟಬೇಕು. ಸಂಜೆಯವರೆಗೆ. ಮಾರನೆಯ ದಿನ ಮತ್ತೆ.

ನನ್ನ ಹೊಟ್ಟೆಯ ಮಗು ಐದು ತಿಂಗಳಿಗೆ ಬಿದ್ದುಹೋದದ್ದು ಆ ಸಾಲುಗಳ ನಡುವೆಯೇ. ಅತ್ತೆ ತನ್ನ ತಲೆವಸ್ತ್ರ ಬಿಚ್ಚಿ ಅದನ್ನು ಸುತ್ತಿಕೊಂಡು ಹೋದಳು. ಅಷ್ಟು ಹೊತ್ತಿಗೆ ನಾಲ್ಕು ಬುಟ್ಟಿ ಸೊಪ್ಪು ಮುರಿದಾಗಿತ್ತು. ಪೋಣಿಸದಿದ್ದರೆ ಕೊಳೆಯುತ್ತಿತ್ತು. ಗೋಡೆಗೊರಗಿ ಕೂತು ಪೋಣಿಸಿದೆ.

ಈಗ ಪಟ್ಟಿಯ ವಿಷಯ.

ಆಗ ನನಗೆ ಹನ್ನೊಂದು ವರ್ಷ. ಆ ಚಳಿಗಾಲ ಮೊಣಕಾಲುದ್ದ ಹಿಮ ಬಿದ್ದಿತ್ತು. ಹಿಮದ ಮೇಲೆ ಟ್ಯಾಂಕು ಬಂತು. ಅದರ ಹಿಂದೆ ಸೈನಿಕರ ಲಾರಿಗಳು, ನಾಯಿಗಳು. ಒಬ್ಬನ ಕೈಯಲ್ಲಿ ಪಟ್ಟಿಯಿತ್ತು. ಈ ದೇಶದಲ್ಲಿ ತುರ್ಕರೇ ಇಲ್ಲ, ಎಲ್ಲರೂ ಬಲ್ಗೇರಿಯನ್ನರು, ನಿಮ್ಮ ಹೆಸರು ಮಾತ್ರ ತಪ್ಪಿದೆ, ತಿದ್ದುತ್ತೇವೆ ಎಂದರು. ಒಂದು ಕಡೆ ನಮ್ಮ ಹೆಸರು, ಎದುರಿಗೆ ಅವರು ಕೊಟ್ಟ ಹೆಸರು, ಕೊನೆಯಲ್ಲಿ ಸಹಿ. ನನ್ನಪ್ಪ ರಾಸಿಮ್ ಸಹಿ ಮಾಡುವುದಿಲ್ಲ ಎಂದ. ಅವನ ಬಲಗೈಯನ್ನು ಪಂಚಾಯಿತಿ ಕಟ್ಟಡದ ಮೆಟ್ಟಿಲ ಮೇಲೆ ಇಡಿಸಿ ಬಂದೂಕಿನ ಹಿಂಬದಿಯಿಂದ ಕುಟ್ಟಿದರು. ಮೂರು ಬೆರಳು ಮುರಿದವು. ಆ ಸದ್ದನ್ನು ನಾನು ಕೇಳಿದ್ದೇನೆ. ಒಣಗಿದ ಹೊಗೆಸೊಪ್ಪಿನ ದಂಟು ಮುರಿದ ಹಾಗಿತ್ತು. ಆಮೇಲೆ ಅದೇ ಕೈಗೆ ಪೆನ್ನು ಸಿಕ್ಕಿಸಿದರು. ಅಪ್ಪ ಗೀಚಿದ.

ಮಾರನೆಯ ದಿನ ಶಾಲೆಯಲ್ಲಿ ಮೇಷ್ಟರು ‘ಸ್ನೆಜಾನಾ’ ಎಂದು ಹಾಜರಿ ಕೂಗಿದರು. ಯಾರೂ ಎದ್ದು ನಿಲ್ಲಲಿಲ್ಲ. ಕೋಲು ನನ್ನ ಬೆನ್ನ ಮೇಲೆ ಬಿದ್ದಾಗ ಸ್ನೆಜಾನಾ ನಾನೇ ಎಂದು ತಿಳಿಯಿತು.

ಐದು ವರ್ಷದ ಮೇಲೆ ಸರ್ಕಾರ ಬಿತ್ತು. ಹೆಸರುಗಳು ವಾಪಸ್ ಬಂದವು. ಅಪ್ಪನ ಬೆರಳು ನೆಟ್ಟಗಾಗಲಿಲ್ಲ. ಅದರಿಂದ ನಮ್ಮೂರು ಒಂದು ಪಾಠ ಕಲಿಯಿತು: ಯಾವ ಸರ್ಕಾರಿ ಕಾಗದದಲ್ಲೂ ಹೆಸರು ಬರೆಸಬಾರದು. ಈ ಪಾಠವೇ ನಮ್ಮನ್ನು ತಿಂದಿತು.

ನಾನು ಮದುವೆಯಾಗಿ ಎಷ್ಟೋ ವರ್ಷಗಳಾದ ಮೇಲೆ ಸರ್ಕಾರ ಹೊಸ ಕಾನೂನು ತಂದಿತು. ಹೊಗೆಸೊಪ್ಪು ಬೆಳೆಯುವ ಪ್ರತಿಯೊಬ್ಬರೂ ಹೆಸರು ಬರೆಸಿ ಕಾರ್ಡು ಪಡೆಯಬೇಕು, ಕಾರ್ಡಿಲ್ಲದ ಸೊಪ್ಪನ್ನು ಕೊಳ್ಳುವುದಿಲ್ಲ. ಈ ಸುದ್ದಿ ಹೇಳಿದವನು ರುಫತ್. ಅವನು ನಮ್ಮವನೇ. ಊರ ಕೆಳಗಿನ ಕೊಟ್ಟಿಗೆಯಲ್ಲಿ ಸೊಪ್ಪು ತೂಗುವ ಕೆಲಸ ಅವನದು. ಆ ದಿನ ಎಲ್ಲರೂ ಮೂಟೆ ಹೊತ್ತು ಅಲ್ಲೇ ನಿಂತಿದ್ದೆವು.

“ಕಾರ್ಡಿಗೆ ಹೆಸರು ಬೇಕಾ?” ಯಾರೋ ಕೇಳಿದರು.

“ಹೆಸರು ಬೇಕು, ಹುಟ್ಟಿದ ತಾರೀಕು ಬೇಕು, ಸಹಿ ಬೇಕು,” ರುಫತ್ ಹೇಳಿದ.

“ಅಂದ್ರೆ ಮತ್ತೆ ಪಟ್ಟಿ.”

ಅಪ್ಪ ತನ್ನ ಬಲಗೈ ಎತ್ತಿ ತೋರಿಸಿದ. “ಇದ್ರಲ್ಲಿ ಇನ್ನೆರಡು ನೆಟ್ಟಗಿವೆ. ಅವು ನಂಗೆ ಬೇಕಪ್ಪ. ನಾನು ಬರೆಸಲ್ಲ.”

ರುಫತ್ ತಕ್ಕಡಿಯ ಮೇಲೆ ಕೈಯೂರಿ ನಿಂತಿದ್ದ. “ಎಲ್ರೂ ಯಾಕೆ ಬರೆಸ್ಬೇಕು? ನನ್ನೊಬ್ಬನ ಹೆಸರು ಸಾಕು. ನಿಮ್ಮ ಮೂಟೆ ಎಲ್ಲಾ ನನ್ನ ಕಾರ್ಡಲ್ಲೇ ಹೋಗ್ಲಿ. ನಾಳೆ ಸೈನ್ಯ ಬಂದ್ರೆ ಬರ್ಲಿ, ನನ್ನ ಮನೆ ಬಾಗಿಲು ಬಡೀಲಿ.”

ಮುದುಕಿಯರು ಅತ್ತುಬಿಟ್ಟರು. ಗಂಡಸರು ಅವನನ್ನು ಅಪ್ಪಿಕೊಂಡರು. ಅವತ್ತಿನಿಂದ ಅವನು ಊರಿಗೆಲ್ಲ ‘ರುಫತ್ ಆಗಾ’, ದೊಡ್ಡಣ್ಣ. ಹಬ್ಬಕ್ಕೆ ಮೊದಲ ತಟ್ಟೆ ಬಕ್ಲಾವಾ ಸಿಹಿ ಅವನ ಮನೆಗೆ. ನಾನು ಅವನ ಕೈಗೆ ಮುತ್ತಿಟ್ಟು ಹಣೆಗೆ ಒತ್ತಿಕೊಂಡಿದ್ದೇನೆ. ಯಾವ ಕೈ ಎಂದು ಬೇರೆ ಹೇಳಬೇಕಾಗಿಲ್ಲ.

ಹನ್ನೆರಡು ವರ್ಷ ಹಾಗೇ ನಡೆಯಿತು. ನಾವು ಬೆಳೆದೆವು, ಅವನ ಕಾರ್ಡಿನಲ್ಲಿ ಹೋಯಿತು, ಅವನು ಕೊಟ್ಟಷ್ಟು ತಂದೆವು. ರುಫತ್ ಮೂರಂತಸ್ತಿನ ಮನೆ ಕಟ್ಟಿಸಿದ. ಮಗನಿಗೆ ಜರ್ಮನ್ ಕಾರು ಬಂತು. ಪಾರ್ಟಿಯವರ ಜೊತೆ ಓಡಾಡ್ತಾನಲ್ಲ, ಅಲ್ಲಿಂದ ಬರುತ್ತೆ ಅಂದುಕೊಂಡೆವು.

ನಿಜ ತಿಳಿದದ್ದು ಗುಲ್ಸುಮಳಿಂದ. ಗುಲ್ಸುಮ್ ನನ್ನ ಗಂಡ ಶಾಬಾನನ ತಂಗಿ, ಗೋಡೆಯಾಚೆಯ ಮನೆ. ಹಸುವಿನ ಕಿವಿಗೆ ಹಾಕುವ ಬಿಲ್ಲೆ ಕೇಳಲು ಪಟ್ಟಣದ ಕೃಷಿ ಕಚೇರಿಗೆ ಹೋಗಿದ್ದಳು. ಅಲ್ಲಿ ಸ್ಟಾನಿಮಿರಾ ಎಂಬ ಹೊಸ ಅಧಿಕಾರಿ ಬಂದಿದ್ದಳು. ನಿಮ್ಮೂರಲ್ಲಿ ಜನ ಹೇಗೆ ಬದುಕ್ತಾರೆ ಎಂದು ಕೇಳಿದಳಂತೆ. ಹೊಗೆಸೊಪ್ಪು ಬೆಳೀತೀವಿ ಎಂದಳಂತೆ ಗುಲ್ಸುಮ್.

“ಇಲ್ವಲ್ಲಮ್ಮ. ನಿಮ್ಮೂರಲ್ಲಿ ಬೆಳೆಗಾರ ಒಬ್ಬನೇ. ವರ್ಷಕ್ಕೆ ಇಪ್ಪತ್ತು ಟನ್ ಬೆಳೆದಿದಾನೆ. ಅವನಿಗೇನು ನೂರು ಕೈಯಾ?”

ಗುಲ್ಸುಮ್ ಅಲ್ಲಿ ನಕ್ಕಳಂತೆ. ಬಸ್ಸಿಳಿದು ನೇರ ನನ್ನ ಅಂಗಳಕ್ಕೆ ಬಂದಾಗ ಅವಳ ಮುಖದಲ್ಲಿ ರಕ್ತವಿರಲಿಲ್ಲ.

“ಅತ್ತಿಗೆ, ಸರ್ಕಾರ ನಮಗೆ ಸಬ್ಸಿಡಿ ಕೊಡ್ತಿದೆಯಂತೆ.”

“ಎಲ್ಲಿ?”

“ರುಫತ್ ಆಗಾನ ಮನೇಲಿ.”

ಕೂತು ಬಿಡಿಸಿ ಹೇಳಿದಳು. ಯುರೋಪಿಗೆ ಸೇರಿದ ಮೇಲೆ ಸರ್ಕಾರ ಒಂದು ಲೆಕ್ಕ ಮಾಡಿದೆ. ಕಾರ್ಡು ಬಂದ ಮೊದಲ ಮೂರು ವರ್ಷದಲ್ಲಿ ಯಾರ ಕಾರ್ಡಿನಲ್ಲಿ ಎಷ್ಟು ಸೊಪ್ಪು ಬಂತೋ, ಅವರಿಗೆ ಅಷ್ಟರ ಮೇಲೆ ಪ್ರತಿ ವರ್ಷ ಸಹಾಯಧನ. ಈಗ ಬೆಳೆಯಲಿ, ಬಿಡಲಿ. ಸಣ್ಣ ಬೆಳೆಗಾರ ಸಾಯಬಾರದು ಅಂತ. ನಮ್ಮ ಇಪ್ಪತ್ತೊಂಬತ್ತು ಮನೆಯ ಹೆಸರು ಆ ಪುಸ್ತಕದಲ್ಲಿ ಎಲ್ಲೂ ಇಲ್ಲ. ಮಗು ಬಿದ್ದ ದಿನ ನಾನು ಪೋಣಿಸಿದ ಸೊಪ್ಪು ಆ ಮೂರು ವರ್ಷದ್ದು. ಅದಕ್ಕೂ ರುಫತ್ ಪ್ರತಿ ವರ್ಷ ದುಡ್ಡೆಣಿಸುತ್ತಿದ್ದ.

ಶಾಬಾನ್ ರುಫತ್ ಕೂರುವ ಕಾಫಿ ಅಂಗಡಿಗೆ ಹೋದ. ನನ್ನ ಗಂಡ ಸಾಧು. ಜಗಳಕ್ಕೆಂದು ಹೋದವನಲ್ಲ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡೇ ಕೇಳಿದನಂತೆ.

“ಆಗಾ, ಸಬ್ಸಿಡಿ ಅಂತ ಏನೋ ಬರ್ತಿದೆಯಂತಲ್ಲ. ಅದ್ರಲ್ಲಿ ನಮ್ದೂ ಇದೆಯಂತಲ್ಲ.”

“ಕಾಗದ ತಂದಿದೀಯಾ?”

“ಯಾವ ಕಾಗದ ಆಗಾ?”

“ನಿನ್ನ ಹೆಸರಿರೋದು. ತೋರ್ಸು, ಈಗ್ಲೇ ಕೊಡ್ತೀನಿ.”

ಕೂತವರು ನಕ್ಕರು. ಶಾಬಾನ್ ಅಲ್ಲೇ ನಿಂತ. ಹೋಗು ಎಂದರೂ ಹೋಗಲಿಲ್ಲ. ರುಫತನ ಮಗ, ಅಳಿಯ ಇಬ್ಬರೂ ಅವನನ್ನು ಹಿತ್ತಿಲಿಗೆ ಎಳೆದುಕೊಂಡು ಹೋದರು. ಸೌದೆ ಕೊರಡಿನಿಂದ ಹೊಡೆದರು. ಬಿದ್ದ ಮೇಲೆ ಬೂಟಿನಿಂದ ಒದ್ದರು. ನಾನು ಓಡಿ ಹೋಗುವಾಗ ಅವನು ಕೋಳಿಗೂಡಿನ ಪಕ್ಕ ಬಿದ್ದಿದ್ದ, ಬಾಯಿಂದ ಗುಳ್ಳೆಗುಳ್ಳೆ ರಕ್ತ. ನಾಲ್ಕು ಪಕ್ಕೆಲುಬು ಮುರಿದಿದ್ದವು. ಎಡಗಿವಿ ಇವತ್ತಿಗೂ ಕೇಳಿಸುವುದಿಲ್ಲ. ಪೊಲೀಸ್ ಬಂದು ಗಾಡಿಯಿಂದ ಬಿದ್ದದ್ದು ಎಂದು ಬರೆದುಕೊಂಡು ರುಫತನ ಜೊತೆ ಕಾಫಿ ಕುಡಿದು ಹೋದ.

ಆ ವಾರ ಶಾಬಾನ್ ಉಸಿರೆಳೆದಾಗಲೆಲ್ಲ ಎದೆಯೊಳಗೆ ಏನೋ ಕಿರುಗುಟ್ಟುತ್ತಿತ್ತು. ಅದನ್ನು ಕೇಳುತ್ತ ನಾನು ಸೊಪ್ಪು ಪೋಣಿಸಿದೆ. ನನಗೆ ಬೇಕಾದದ್ದು ಒಂದೇ ಎಂದು ಆಗ ಗೊತ್ತಾಯಿತು. ಈ ಸೊಪ್ಪು ಸನಿಯೆ ಬೆಳೆದದ್ದು ಎಂದು ಒಂದು ಸರ್ಕಾರಿ ಕಾಗದ ಹೇಳಬೇಕು. ದುಡ್ಡು ಆಮೇಲೆ.

ಸ್ಟಾನಿಮಿರಾ ಕೆಟ್ಟವಳಲ್ಲ. ನನಗೂ ಗುಲ್ಸುಮಳಿಗೂ ಕುರ್ಚಿ ಕೊಟ್ಟು ಕೂರಿಸಿದಳು. ನಮ್ಮ ಕೈ ನೋಡಿ ಮುಖ ಸಿಂಡರಿಸಲಿಲ್ಲ.

“ನನಗೆ ಅರ್ಥ ಆಗುತ್ತೆ,” ಎಂದಳು. “ಆದರೆ ನಿಮ್ಮ ಮಾತು ಸಾಲಲ್ಲ. ರುಫತ್ ನನ್ನೆದುರು ಒಪ್ಪಿ ಸಹಿ ಮಾಡ್ಬೇಕು. ಇಲ್ಲಾಂದ್ರೆ, ನಿಮ್ಮ ಸೊಪ್ಪು ಅವನ ಕೈಯಿಂದ ಹೋಯ್ತು ಅಂತ ಅವನ ಸಹಿ ಇರೋ ಯಾವ್ದಾದ್ರೂ ಸರ್ಕಾರಿ ಕಾಗದ ತನ್ನಿ. ಪೊಲೀಸಿಂದಾಗ್ಲಿ, ಕೋರ್ಟಿಂದಾಗ್ಲಿ. ಆಗ ಆ ತೂಕ ನಿಮ್ಮ ಹೆಸರಿಗೆ ಬರೀಬಹುದು.”

“ಅವ್ನು ಸಹಿ ಮಾಡಲ್ಲ ಮೇಡಂ.”

“ಕರೆಸಿ ಕೇಳೋಣ. ನೀವೂ ಬನ್ನಿ.”

ಆಗಸ್ಟ್ ತಿಂಗಳು. ಒಂಬತ್ತು ಹೆಂಗಸರು ಬಸ್ಸು ಹತ್ತಿದೆವು. ಗಂಡಸರು ಬರಲಿಲ್ಲ, ಶಾಬಾನನ ಪಕ್ಕೆ ನೋಡಿದ್ದರು. ಬೆಳಗ್ಗೆ ಸೊಪ್ಪು ಮುರಿದು ಹಾಗೇ ಹೊರಟದ್ದರಿಂದ ಕೈಗಳೆಲ್ಲ ಮೇಣ. ಬಸ್ಸಿನ ಕಂಬಿ ಹಿಡಿದರೆ ಕೈ ಅಂಟುತ್ತಿತ್ತು. ಒಬ್ಬ ಬಲ್ಗೇರಿಯನ್ ಹೆಂಗಸು ಮೂಗಿಗೆ ಕರವಸ್ತ್ರ ಹಿಡಿದು ಹಿಂದಿನ ಸೀಟಿಗೆ ಹೋದಳು.

“ಸಿಗರೇಟು ಮಾತ್ರ ಇವಳ ಮೂಗಿಗೆ ಅತ್ತರು,” ಎಂದಳು ಗುಲ್ಸುಮ್. ಎಲ್ಲರೂ ನಕ್ಕೆವು. ಅದೇ ಆ ದಿನದ ಕೊನೆಯ ನಗು.

ನನ್ನ ಚೀಲದಲ್ಲಿ ಒಂದು ಕಟ್ಟು ಹಸಿ ಸೊಪ್ಪು, ದಾರ, ದಬ್ಬಳ ಇದ್ದವು. ಏಕೆ ತಂದೆ ಎಂದು ಸರ್ಕಾರಿ ವಕೀಲ ಆಮೇಲೆ ಹತ್ತು ಸಲ ಕೇಳಿದ. ಕೊಲ್ಲಲು ತಂದೆ ಎಂದು ನನ್ನ ಬಾಯಿಂದ ಹೊರಡಿಸಬೇಕಿತ್ತು ಅವನಿಗೆ. ಕೊಲ್ಲುವುದಾಗಿದ್ದರೆ ಕೊಡಲಿ ತರುತ್ತಿದ್ದೆ. ನಾನು ತಂದದ್ದು ಪೋಣಿಸಲು.

ರುಫತ್ ಬಿಳಿ ಅಂಗಿ ಹಾಕಿಕೊಂಡು ಬಂದ. ಇಸ್ತ್ರಿ ಗೆರೆ ಎದ್ದು ಕಾಣುತ್ತಿತ್ತು. ಸ್ಟಾನಿಮಿರಾಳ ಮೇಜಿನ ಎದುರು ಕೂತು ನಮ್ಮ ಕಡೆ ತಿರುಗಿಯೂ ನೋಡಲಿಲ್ಲ.

“ಈ ಇಪ್ಪತ್ತು ಟನ್ ನೀವೇ ಬೆಳೆದದ್ದಾ?” ಅವಳು ಕೇಳಿದಳು.

“ನಾನೇ ಮೇಡಂ. ಈ ಕೈಯಲ್ಲೇ. ಇವ್ರು ಕೂಲಿಗೆ ಬರ್ತಿದ್ರು. ಒಬ್ಬೊಬ್ಬಳಿಗೂ ಕೂಲಿ ಕೊಟ್ಟು ಮುಗಿಸಿದೀನಿ.”

ಒಂಬತ್ತು ಜನರೂ ಒಟ್ಟಿಗೆ ಬಾಯಿ ತೆಗೆದೆವು. ಸ್ಟಾನಿಮಿರಾ ಕೈಯೆತ್ತಿ ತಡೆದಳು. ನಾನು ಚೀಲದಿಂದ ಸೊಪ್ಪು ತೆಗೆದು ಮೇಜಿನ ಮೇಲೆ, ಅವನ ಹೆಸರಿನ ಕಡತದ ಪಕ್ಕದಲ್ಲಿ ಸುರಿದೆ. ದಬ್ಬಳ ಅವನ ಮುಂದೆ ಇಟ್ಟೆ.

“ಪೋಣಿಸು.”

“ಏನು?”

“ನಿನ್ನ ಕೈಯಲ್ಲೇ ಬೆಳೆದಿದೀಯಲ್ಲ. ಒಂದು ದಬ್ಬಳ ತುಂಬ್ಸು. ನಮ್ಮ ಆರು ವರ್ಷದ ಹುಡ್ಗೀರು ಕಾಫಿ ಕಾಯೋದ್ರೊಳಗೆ ತುಂಬಿಸ್ತಾರೆ. ಮೇಡಂ ನೋಡ್ಲಿ.”

ಅವನು ಸ್ಟಾನಿಮಿರಾಳ ಕಡೆ ನೋಡಿದ. ಅವಳು ದಬ್ಬಳದ ಕಡೆ ನೋಡಿದಳು. ರುಫತ್ ದಬ್ಬಳ ಎತ್ತಿಕೊಂಡ. ಎಲೆಯ ನಡುನರ ಬಿಟ್ಟು ಬದಿಗೆ ಚುಚ್ಚಿದ. ಎಲೆ ಸೀಳಿತು. ಇನ್ನೊಂದು ತೆಗೆದುಕೊಂಡ, ಅದನ್ನು ತಲೆಕೆಳಗಾಗಿ ಹಿಡಿದಿದ್ದ. ಅದೂ ಸೀಳಿತು. ಮೇಣ ಅವನ ಬಿಳಿ ತೋಳಿಗೆ ಮೆತ್ತಿತು. ಗುಲ್ಸುಮ್ ಮೂಗಿನಲ್ಲಿ ಫುಸ್ ಎಂದಳು. ಹಿಂದೆ ನಿಂತಿದ್ದ ಮುದುಕಿ, “ದಬ್ಬಳದ ಹಿಂಬದಿ ಪಕ್ಕೆಗೆ ಒತ್ಕೊ ಮಗ, ಇಲ್ದಿದ್ರೆ ನಿಲ್ಲಲ್ಲ,” ಎಂದು ನಿಜವಾಗಿಯೂ ಹೇಳಿಕೊಟ್ಟಳು. ಅವನ ಕಿವಿಗಳು ಕೆಂಪಾದವು.

ದಬ್ಬಳ ಎಸೆದು ಎಲೆಗಳನ್ನೆಲ್ಲ ನನ್ನ ಮುಖಕ್ಕೆ ತಳ್ಳಿದ. ಹಸಿ ಎಲೆ ಕಣ್ಣಿಗೆ ಬಡಿದು ಉರಿ ಹತ್ತಿತು. ಆಮೇಲೆ ಬಲಗೈಯನ್ನು ಕಡತದ ಮೇಲೆ ಚಪ್ಪಟೆಯಾಗಿ ಊರಿ, ನನ್ನ ಕಡೆ ಬಾಗಿ, ತುರ್ಕಿಯಲ್ಲಿ ಹೇಳಿದ. ಸ್ಟಾನಿಮಿರಾಗೆ ತಿಳಿಯಬಾರದೆಂದು ಮೆಲ್ಲಗೆ ಹೇಳಿದ.

“ಇಲ್ಲಿರೋದು ನನ್ನ ಹೆಸರು. ನಿನ್ನ ಹೆಸರು ಯಾವ್ದು? ಸ್ನೆಜಾನಾ ತಾನೆ? ಮನೆಗೆ ಹೋಗಮ್ಮ ಸ್ನೆಜಾನಾ. ಸಹಿ ಮಾಡೋದು ಹೆಂಗೆ ಅಂತ ನಿಮ್ಮಪ್ಪನ್ನ ಕೇಳು. ಅವ್ನು ಕಲ್ತಿದಾನೆ.”

ದಬ್ಬಳ ಮೇಜಿನ ಅಂಚಿನಲ್ಲಿ ಬಿದ್ದಿತ್ತು. ನನ್ನ ಕೈಗೆ ಅದರ ದಾರಿ ಗೊತ್ತು. ನಲವತ್ತು ವರ್ಷ ಅದು ಕಣ್ಣಿನ ಸಹಾಯವಿಲ್ಲದೆ ನಡುನರ ಹುಡುಕಿದೆ. ಅವನ ಕೈಯಲ್ಲೂ ಹುಡುಕಿತು. ನಡುಬೆರಳಿನ ಎಲುಬಿನ ಪಕ್ಕದಲ್ಲಿ ಇಳಿಯಿತು. ಮೊದಲು ಗಟ್ಟಿ, ಆಮೇಲೆ ಮೆತ್ತಗೆ, ಆಮೇಲೆ ಕಾಗದ, ಆಮೇಲೆ ಹಲಗೆ. ಎರಡೂ ಕೈಯೂರಿ ನನ್ನ ಪೂರ್ತಿ ಭಾರ ಬಿಟ್ಟೆ. ಹಲಗೆಗೆ ಕಚ್ಚುವವರೆಗೆ ಬಿಟ್ಟೆ.

ಅವನು ತಕ್ಷಣ ಕೂಗಲಿಲ್ಲ. ಕೈ ಎಳೆದುಕೊಳ್ಳಲು ನೋಡಿದ. ಕೈ ಬರಲಿಲ್ಲ, ಮೇಜೇ ಅಲುಗಿತು. ಆಗ ಕೂಗಿದ. ಹಂದಿ ಕೊಯ್ಯುವಾಗ ಪಟ್ಟಣದ ಕಡೆಯಿಂದ ಬರುತ್ತದಲ್ಲ, ಆ ಕೂಗು. ರಕ್ತ ಕಡತದ ಮೇಲೆ ಹರಿದು ಅವನ ಹೆಸರು ಮುಚ್ಚಿತು.

“ಸನಿಯೆ,” ಎಂದೆ ಅವನ ಕಿವಿಯ ಹತ್ತಿರ. “ನನ್ನ ಹೆಸರು ಸನಿಯೆ.”

ಅವನ ಮಗ ಹೊರಗಿನಿಂದ ಓಡಿಬಂದು ನನ್ನ ಕೂದಲು ಹಿಡಿದು ಗೋಡೆಗೆ ಅಪ್ಪಳಿಸಿದ. ಎರಡು ಹಲ್ಲು ಬಿದ್ದವು. ಗುಲ್ಸುಮ್ ಅವನ ಕತ್ತಿಗೆ ಜೋತುಬಿದ್ದು ಕಿವಿ ಕಚ್ಚಿದಳು. ಮುದುಕಿ ಕುರ್ಚಿ ಎತ್ತಿ ಅವನ ಬೆನ್ನಿಗೆ ಬಡಿದಳು. ಪೊಲೀಸರು ಬಂದು ನನ್ನ ಕೈ ಹಿಂದಕ್ಕೆ ತಿರುಚಿ ಮೆಟ್ಟಿಲ ಮೇಲೆ ಎಳೆದುಕೊಂಡು ಹೋದರು. ಒಂದೊಂದು ಮೆಟ್ಟಿಲಿಗೂ ಮೊಣಕಾಲು ಬಡಿಯಿತು. ನಾನು ಅಳಲಿಲ್ಲ. ಅಳು ಬರಲಿಲ್ಲ.

ಠಾಣೆಯಲ್ಲಿ ಬರೆದುಕೊಳ್ಳಲು ಕೂತವನು ದಪ್ಪ ಮೀಸೆಯ ಹವಾಲ್ದಾರ.

“ಹೆಸರು?”

“ಸನಿಯೆ. ಅಪ್ಪನ ಹೆಸರು ರಾಸಿಮ್. ಸರಿಯಾಗಿ ಬರಿ.”

“ಕೆಲಸ?”

“ಹೊಗೆಸೊಪ್ಪು ಬೆಳೀತೀನಿ.”

“ಕಾರ್ಡಿದೆಯಾ?”

“ಇಲ್ಲ.”

“ಹಾಗಾದ್ರೆ ನಿರುದ್ಯೋಗಿ.” ಹಾಗೇ ಬರೆದು ಕಾಗದ ನನ್ನ ಕಡೆ ತಳ್ಳಿದ. “ಸಹಿ ಹಾಕು.”

“ಹಾಕಲ್ಲ. ನಾನು ನಿರುದ್ಯೋಗಿ ಅಲ್ಲ.”

ಕೆನ್ನೆಗೆ ಬಾರಿಸಿದ. ಹಲ್ಲು ಬಿದ್ದ ಜಾಗದಿಂದ ಮತ್ತೆ ರಕ್ತ ಬಂತು. ಅದನ್ನು ಕಾಗದದ ಮೇಲೆ ಉಗುಳಿದೆ. ಅವನು ಹೊಸ ಕಾಗದ ತೆಗೆದ. ಮತ್ತೆ ನಿರುದ್ಯೋಗಿ. ಮತ್ತೆ ಸಹಿ ಹಾಕಲಿಲ್ಲ. ಮತ್ತೆ ಹೊಡೆತ. ಮೂರನೆಯ ಸಲ ಅವನಿಗೇ ಕೈ ನೋವಾಯಿತೋ ಏನೋ, ‘ಹೊಗೆಸೊಪ್ಪು ಬೆಳೆಯುತ್ತೇನೆ ಎನ್ನುತ್ತಾಳೆ’ ಎಂದು ಬರೆದ. ಅದು ಪೂರ್ತಿ ನನ್ನ ಮಾತಲ್ಲ. ಆದರೂ ಸಹಿ ಹಾಕಿದೆ.

ಅದೇ ಸಂಜೆ ಆಸ್ಪತ್ರೆಯಲ್ಲಿ ರುಫತನ ಹೇಳಿಕೆ ಬರೆದುಕೊಂಡರು. ಸಿಟ್ಟು ಅವನ ತಲೆಗೇರಿತ್ತು. ಪೊಲೀಸ್ ಕೇಳಿದ್ದು ಅವಳು ಚುಚ್ಚಿದ್ದು ಏಕೆ ಎಂದು. ಅವನು ಹೇಳಿದ: “ಹನ್ನೆರಡು ವರ್ಷ ಈ ಮುಂಡೆ ಬೆಳೆದ ಸೊಪ್ಪನ್ನು ನನ್ನ ಕಾರ್ಡಿನಲ್ಲಿ ಮಾರಿಕೊಟ್ಟಿದ್ದೇನೆ. ಇವಳದ್ದಷ್ಟೇ ಅಲ್ಲ, ಇಪ್ಪತ್ತೊಂಬತ್ತು ಮನೆಯದ್ದೂ. ನಾನಿಲ್ಲದಿದ್ದರೆ ಹಸಿದು ಸಾಯುತ್ತಿದ್ದರು. ಅದಕ್ಕೆ ಈ ಉಪಕಾರ.” ಅವನು ಹೇಳಿದ್ದನ್ನು ಹೇಳಿದ ಹಾಗೇ ಪೊಲೀಸ್ ಬರೆದುಕೊಂಡ. ಬಲಗೈಗೆ ಬ್ಯಾಂಡೇಜ್ ಇದ್ದುದರಿಂದ ರುಫತ್ ಎಡಗೈಯಲ್ಲಿ ಸಹಿ ಹಾಕಿದ.

ನನಗೆ ಅದು ಗೊತ್ತಾದದ್ದು ಎರಡು ವಾರದ ಮೇಲೆ. ಅಷ್ಟರಲ್ಲಿ ರುಫತನಿಗೂ ತಾನು ಏನು ಹೇಳಿದೆ ಎಂದು ಅರ್ಥವಾಗಿತ್ತು. ನನಗೆ ಸರ್ಕಾರ ಕೊಟ್ಟ ವಕೀಲ ಜೈಲಿಗೆ ಬಂದ. ಜೊತೆಗೆ ಶಾಬಾನ್. ನಡೆಯುವಾಗ ಪಕ್ಕೆ ಹಿಡಿದುಕೊಂಡಿದ್ದ.

“ಒಳ್ಳೆ ಸುದ್ದಿ,” ಎಂದ ವಕೀಲ. “ರುಫತ್ ನಿನ್ನನ್ನ ಕ್ಷಮಿಸ್ತಾನಂತೆ. ಜ್ವರದಲ್ಲಿ ಏನೇನೋ ಹೇಳ್ದೆ, ಆ ಸೊಪ್ಪಿನ ಮಾತು ತಪ್ಪು ಅಂತ ಕೋರ್ಟಲ್ಲಿ ಹೇಳ್ತಾನೆ. ನೀನು ಹೌದು ಅನ್ನು. ನಾನು ಅವನಿಗೆ ಸೊಪ್ಪು ಕೊಟ್ಟಿಲ್ಲ, ನಂಗೆ ತಲೆ ಕೆಟ್ಟಿತ್ತು, ಅಷ್ಟನ್ನು. ಮನೆಗೆ ಕಳಿಸ್ತಾರೆ.”

“ಇಲ್ದಿದ್ರೆ?”

“ಎರಡು ವರ್ಷ. ಮೂರೂ ಆಗ್ಬಹುದು.”

ಶಾಬಾನ್ ಕೇಳಿಸುವ ಕಿವಿಯನ್ನು ಜಾಲರಿಯ ಹತ್ತಿರ ತಂದ. “ಬಾ ಸನಿಯೆ. ಸೊಪ್ಪು ಹೊಲದಲ್ಲೇ ಹಳದಿಯಾಗ್ತಿದೆ. ನಂಗೆ ಬಗ್ಗೋಕಾಗಲ್ಲ. ಮನೆ ಒಲೆ ಹಚ್ಚಿ ಹತ್ತು ದಿನ ಆಯ್ತು.”

“ಗುಲ್ಸುಮ್?”

“ಅವ್ಳು ತಂದು ಕೊಡ್ತಾಳೆ. ನೀನಿಲ್ದೆ ತಿನ್ನೋಕಾಗಲ್ಲ.”

ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಅವನು ಹಾಗೆ ಹೇಳಿದ್ದು ಅದೇ ಮೊದಲು. ಬರುತ್ತೇನೆ ಎಂದು ಬಾಯಿಗೆ ಬಂದಿತ್ತು. ಆಗ ಅವನು ಉಸಿರೆಳೆದ. ಎದೆಯೊಳಗೆ ಅದು ಕಿರುಗುಟ್ಟಿತು.

“ನಾನು ಸೊಪ್ಪು ಬೆಳೆದಿಲ್ಲ ಅಂತ ಹೇಳಲ್ಲ ಶಾಬಾನ್. ಅವ್ನು ಬರೆಸಿದ್ದು ಬರೆಸಿದ ಹಾಗೇ ಇರ್ಲಿ.”

ವಕೀಲ ಹಣೆ ಚಚ್ಚಿಕೊಂಡ. “ಅದೊಂದು ಕಾಗದಕ್ಕೋಸ್ಕರ ಎರಡು ವರ್ಷ ಕೂರ್ತೀಯೇನಮ್ಮ?”

“ನಲವತ್ತು ವರ್ಷ ಕೂತಿದೀನಿ. ಒಂದು ಕಾಗದ ಸಿಗ್ಲಿಲ್ಲ.”

ಶಾಬಾನ್ ಟೋಪಿ ತಲೆಗಿಟ್ಟುಕೊಂಡ. “ಹಾಗಾದ್ರೆ ಇದ್ಬಿಡು,” ಎಂದ. ಬಾಗಿಲವರೆಗೆ ಹೋದವನು ತಿರುಗಿ, “ಚಳಿಗೆ ಉಣ್ಣೆ ಕಾಲುಚೀಲ ಕಳಿಸ್ತೀನಿ,” ಎಂದ.

ಕೋರ್ಟಿನಲ್ಲಿ ರುಫತನ ವಕೀಲ ಎದ್ದು, ಆ ಮಾತು ಜ್ವರದಲ್ಲಿ ಬಂದದ್ದು, ಅಳಿಸಬೇಕು ಎಂದ. ನ್ಯಾಯಾಧೀಶರು ನನ್ನನ್ನು ಕೇಳಿದರು. ನಾನು ಎದ್ದು ನಿಂತೆ. ಚುಚ್ಚಿದ್ದು ನಿಜ, ತಲೆ ಕೆಟ್ಟಿರಲಿಲ್ಲ, ದಬ್ಬಳ ನನ್ನದು, ಸೊಪ್ಪೂ ನನ್ನದು, ಅವನು ಆಸ್ಪತ್ರೆಯಲ್ಲಿ ಹೇಳಿದ್ದು ಅಕ್ಷರ ಅಕ್ಷರ ನಿಜ ಎಂದೆ. ಅವನು ಬದುಕಿನಲ್ಲಿ ಹೇಳಿದ್ದು ಅದೊಂದೇ ನಿಜ, ಅದನ್ನೂ ಅಳಿಸಬೇಡಿ ಎಂದೆ. ಅವನ ಕೈಗೆ ಹೊಲಿಗೆ ಹಾಕಿದ ವೈದ್ಯರನ್ನೂ ಕೇಳಿದರು. ಜ್ವರವಿರಲಿಲ್ಲ ಎಂದು ಅವರು ಹೇಳಿದರು.

ತೀರ್ಪಿನಲ್ಲಿ ಹೀಗಿದೆ: ‘ಆರೋಪಿ ಸನಿಯೆ, ಹೊಗೆಸೊಪ್ಪು ಬೆಳೆಗಾರ್ತಿ, ತನ್ನ ಬೆಳೆಯನ್ನು ಹನ್ನೆರಡು ವರ್ಷ ಫಿರ್ಯಾದಿಯ ಕಾರ್ಡಿನ ಮೂಲಕ ಮಾರುತ್ತಿದ್ದು…’ ಕೊನೆಯಲ್ಲಿ ಎರಡು ವರ್ಷ. ನನಗೆ ಕೊನೆಯದ್ದು ಸರಿಯಾಗಿ ಕೇಳಿಸಲಿಲ್ಲ. ಮೊದಲಿನದ್ದನ್ನು ಇನ್ನೊಮ್ಮೆ ಓದಿ ಎಂದು ಕೇಳಿದೆ. ಗುಮಾಸ್ತ ಓದಲಿಲ್ಲ.

ಒಂಬತ್ತು ತಿಂಗಳಾಯಿತು. ಜೈಲಿನಲ್ಲಿ ಬಟ್ಟೆ ಒಗೆಯುವ ಕೆಲಸ ಕೊಟ್ಟಿದ್ದಾರೆ. ಮೇಣವೆಲ್ಲ ಹೋಗಿದೆ. ಕೈಗಳು ಬೆಳ್ಳಗಾಗಿವೆ. ನನ್ನವು ಅನಿಸುವುದಿಲ್ಲ.

ಮೊನ್ನೆ ಗುಲ್ಸುಮ್ ಬಂದಿದ್ದಳು. ಸಬ್ಸಿಡಿ ಇನ್ನೂ ಬಂದಿಲ್ಲ. ಸ್ಟಾನಿಮಿರಾಳನ್ನು ಬೇರೆ ಊರಿಗೆ ಎತ್ತಿ ಹಾಕಿದ್ದಾರೆ. ಹೊಸಬ ನಾಳೆ ಬಾ ಎನ್ನುತ್ತಾನೆ. ರುಫತನ ಮಗ ನಮ್ಮವರ ಎರಡು ಹಂದರ ಸುಟ್ಟಿದ್ದಾನೆ. ಆದರೂ ತೀರ್ಪಿನ ನಕಲು ತೆಗೆದುಕೊಂಡು ಎಲ್ಲರೂ ಅರ್ಜಿ ಬರೆದಿದ್ದಾರೆ. ಅರ್ಜಿಯ ಕೆಳಗೆ ಹೆಸರುಗಳು, ಒಂದರ ಕೆಳಗೆ ಒಂದು. ಅದನ್ನು ಕಾವಲುಗಾರ್ತಿಯ ಕೈಗೆ ಕೊಟ್ಟಳು, ನನಗೆ ತಲುಪಿಸಲು.

ಕಾವಲುಗಾರ್ತಿ ತಿರುಗಿಸಿ ತಿರುಗಿಸಿ ನೋಡಿದಳು. “ಏನಿದು ಪಟ್ಟಿ? ಯಾರು ಬರೆಸಿದ್ದು?”

“ಯಾರೂ ಬರೆಸಿಲ್ಲ,” ಎಂದಳು ಗುಲ್ಸುಮ್. “ನಾವೇ ಬರ್ಕೊಂಡಿದ್ದು.”

“ಮೇಲಿರೋದು ಹೆಸರಾ, ಕೋಳಿ ಕೆದಕಿದ್ದಾ?”

“ನಮ್ಮಪ್ಪನ ಸಹಿ,” ಎಂದೆ. “ಎಲ್ರಿಗಿಂತ ಮೊದ್ಲು ಹಾಕಿದಾನೆ.”

ಇಪ್ಪತ್ತೊಂಬತ್ತನೆಯ ಸಾಲು ಖಾಲಿ ಇತ್ತು. ಪೆನ್ನು ಕೇಳಿದೆ. ಚೂಪಾದದ್ದನ್ನು ನನ್ನ ಕೈಗೆ ಕೊಡುವಂತಿಲ್ಲ, ಕಡತದಲ್ಲಿ ಬರೆದಿದೆ ಎಂದಳು. ನಾನು ಕೈ ಚಾಚಿಕೊಂಡೇ ನಿಂತೆ. ಗುಲ್ಸುಮ್ ಕೂಡ ಕದಲಲಿಲ್ಲ. ಕೊನೆಗೆ ಕಾವಲುಗಾರ್ತಿ ತನ್ನ ಜೇಬಿನ ಪೆನ್ನು ತೆಗೆದು ಕೊಟ್ಟಳು, ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡು. ಹಿಡಿದುಕೊಳ್ಳಲಿ.

ಸನಿಯೆ ಎಂದು ಬರೆದೆ. ಒತ್ತಿ ಬರೆದೆ. ಕಾಗದ ತೂತಾಗಲಿಲ್ಲ.